ಸಹಾಯ ಬೇಕು: ಹಳೇ ಜೆಟ್ ಸ್ಕೀ ತೆಗೆದುಕೊಳ್ಳಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕುಂದಾಪುರದ ಹತ್ತಿರ, ಪಂಚಗಂಗಾವಳಿ ಹಿನ್ನೀರಿನ ಪಕ್ಕ. ಸೆಕೆಂಡ್ ಹ್ಯಾಂಡ್ ಜೆಟ್ ಸ್ಕೀ (ನೀರಿನ ಮೇಲೆ ಓಡಿಸುವ ಸ್ಕೂಟರ್) ಹುಡುಕುತ್ತಿದ್ದೇನೆ. ಯಮಹಾ ವಿಎಕ್ಸ್ ಅಥವಾ ಸೀ-ಡೂ ಸ್ಪಾರ್ಕ್, ಎರಡರಲ್ಲಿ ಒಂದು. ಸ್ಪಾರ್ಕ್ ಹಗುರ, ಆದರೆ ಅಳಿವೆ ಬಾಯಿಯ ಅಲೆಗೆ ಜಾಸ್ತಿ ಕುಲುಕುತ್ತದೆ ಅನ್ನುತ್ತಾರೆ.

ನನ್ನ ಚಿಂತೆ ಉಪ್ಪುನೀರಿನದು. ಯಮಹಾದಲ್ಲಿ ಹೊರಗಿನ ನೀರೇ ಎಂಜಿನ್ ಒಳಗೆ ಸುತ್ತಿ ತಣ್ಣಗೆ ಮಾಡುತ್ತದೆ. ಸೀ-ಡೂದಲ್ಲಿ ಕಾರಿನ ಹಾಗೆ ಕೂಲೆಂಟ್. ಹಾಗಂತ ಅದಕ್ಕೆ ಸಿಹಿನೀರು ಹಾಯಿಸಿ ಉಪ್ಪು ತೊಳೆಯುವ ಫ್ಲಶ್ ತಪ್ಪುವುದಿಲ್ಲ, ಎಕ್ಸಾಸ್ಟ್ ಕಡೆ ಹೋಗುವುದು ಹೊರಗಿನ ನೀರೇ.

ಕಳೆದ ವಾರ ಒಂದನ್ನು ನೋಡಲು ಹೋಗಿದ್ದೆ. ಮೇಲೆ ಫಳಫಳ. ಸೀಟು ಎತ್ತಿದರೆ ಹೋಸ್ ಕ್ಲಿಪ್‌ಗಳೆಲ್ಲ ತುಕ್ಕು, ಬೋಲ್ಟ್ ಸುತ್ತ ಬಿಳಿ ಪುಡಿ. "ಪ್ರತಿ ಸಲ ಫ್ಲಶ್ ಮಾಡ್ತೇವೆ" ಅಂದರು. ಮಾಡಿ ತೋರಿಸಿ ಅಂದೆ. ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ನಲ್ಲಿ ತಿರುಗಿಸಿಬಿಟ್ಟರು! ಹಾಗೆ ಮಾಡಿದರೆ ನೀರು ಎಂಜಿನ್ ಒಳಗೇ ನುಗ್ಗಬಹುದು ಅಲ್ವಾ? ಮೊದಲು ಸ್ಟಾರ್ಟ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಎಂಜಿನ್. ಚಹಾ ಕುಡಿದು ಸುಮ್ನೆ ವಾಪಸ್ ಬಂದೆ.

ಈಗ ನನ್ನ ಪ್ರಶ್ನೆ. ನಮ್ಮ ಕಡೆ ಇಳಿತದ ಹೊತ್ತಿಗೆ ನೀರು ಮೊಣಕಾಲಿಗಿಂತ ಕಡಿಮೆ, ಅಡಿಯಲ್ಲೆಲ್ಲ ಮರಳು. ಗಾಡಿಯನ್ನು ಮುಂದೆ ತಳ್ಳುವ ಪಂಪ್ ಮರಳು ಎಳೆದು ಅದರೊಳಗಿನ ಇಂಪೆಲ್ಲರ್ (ನೀರು ತಳ್ಳುವ ಫ್ಯಾನ್), ಅದರ ಸುತ್ತಲಿನ ವೇರ್ ರಿಂಗ್ ಸವೆದಿದೆಯೇ ಅಂತ ದಡದಲ್ಲೇ ನೋಡಿ ತಿಳಿಯುವುದು ಹೇಗೆ? ಕಂಪ್ರೆಷನ್ ಟೆಸ್ಟ್ (ಎಂಜಿನ್ ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು) ಮಾಡುವ ಮೆಕ್ಯಾನಿಕ್ ಉಡುಪಿ, ಮಂಗಳೂರು ಕಡೆ ಯಾರಾದರೂ ಇದ್ದಾರಾ? ಮಳೆಗಾಲದ ನಾಲ್ಕು ತಿಂಗಳು ಶೆಡ್‌ನಲ್ಲಿ ನಿಲ್ಲಿಸುವಾಗ ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಏನು ಮಾಡುತ್ತೀರಿ? ಈ ಕರಾವಳಿಯಲ್ಲೇ ಓಡಿಸಿದವರು ಹೇಳಿದರೆ ಉಪಕಾರ.