ಸೇಂಟ್ ಮೇರಿಸ್, ಕಯಾಕ್, ನೇತ್ರಾಣಿ: ಇಬ್ಬರಿಗೆ ಎರಡು ದಿನದಲ್ಲಿ ಆದೀತಾ?

ಮಣಿಪಾಲ_ಗುಡ್ಡೆ
ಡಿಸೆಂಬರಿನ ಒಂದು ಶನಿವಾರ, ಭಾನುವಾರ ನಾವು ಗಂಡ ಹೆಂಡತಿ ಇಬ್ಬರೇ ಹೊರಡುವ ಅಂತ ಉಂಟು. ಮರಳಲ್ಲಿ ಕೂತು ಫೋಟೋ ತೆಗೆದು ಬರುವ ಟ್ರಿಪ್ ಬೇಡ, ಮೈ ದಣಿಯಬೇಕು. ಅಂದಾಜು ಹೀಗೆ: ಶನಿವಾರ ಬೆಳಿಗ್ಗೆ ಮಲ್ಪೆ ಎದುರಿನ ದ್ವೀಪ ಸೇಂಟ್ ಮೇರಿಸ್‌ನಲ್ಲಿ ಸ್ನಾರ್ಕೆಲಿಂಗ್ (ಮಾಸ್ಕ್, ಉಸಿರಿನ ಕೊಳವೆ ಹಾಕಿ ನೀರಿನ ಮೇಲೆ ತೇಲುತ್ತ ಕೆಳಗೆ ನೋಡುವುದು), ಮಧ್ಯಾಹ್ನ ಸಾಲಿಗ್ರಾಮದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಕಯಾಕ್ ಅನ್ನುವ ಸಣ್ಣ ಹುಟ್ಟಿನ ದೋಣಿ, ರಾತ್ರಿ ಮುರ್ಡೇಶ್ವರ. ಭಾನುವಾರ ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿ ನೀರಿನಡಿ ಡೈವ್), ಬರುವಾಗ ಆಗುಂಬೆಯ ಸೂರ್ಯಾಸ್ತ. ನನಗೆ ಈಜು ಬರುತ್ತದೆ, ಅವಳಿಗೆ ಇಲ್ಲ. ಸೇಂಟ್ ಮೇರಿಸ್ ದ್ವೀಪದಲ್ಲೇ ಟೆಂಟ್ ಹಾಕಲು ಬಿಡುತ್ತಾರಾ?

ತೋನ್ಸೆಪಾರ್
ಟೆಂಟ್ ಇಲ್ಲ. ರಾತ್ರಿ ಯಾರೂ ಉಳಿಯುವಂತಿಲ್ಲ, ಸಂಜೆಯ ದೋಣಿಗೆ ಎಲ್ಲರೂ ವಾಪಸು.

ಸ್ನಾರ್ಕೆಲಿಂಗ್ ಆಸೆಯನ್ನೂ ಇಲ್ಲಿ ಇಟ್ಟುಕೊಳ್ಳಬೇಡಿ. ತೆರೆ ಬಂಡೆಗೆ ಬಡಿದು ಮರಳು ಕಲಕುತ್ತಲೇ ಇರುತ್ತದೆ, ಮಾಸ್ಕ್ ಹಾಕಿದರೂ ಕಾಣುವುದು ಬರೀ ಮಬ್ಬು. ಬಂಡೆಯ ಬುಡದಲ್ಲಿ ನೀರು ಒಮ್ಮೆಲೇ ಆಳ, ಮೇಲೆಲ್ಲ ಹಾವಸೆ ಮತ್ತು ಬ್ಲೇಡಿನ ಹಾಗೆ ಕೊಯ್ಯುವ ಚಿಪ್ಪು. ಜಾರಿ ಬಿದ್ದವರು ಮತ್ತೆ ಹತ್ತುವುದಕ್ಕೆ ಹಿಡಿಯುವುದೇ ಆ ಚಿಪ್ಪನ್ನು. ಜೀವರಕ್ಷಕರು ತೋರಿಸಿದ ಜಾಗ ಬಿಟ್ಟು ನೀರಿಗೆ ಇಳಿಯಬೇಡಿ.

ಅಲ್ಲಿ ಮಾಡಬೇಕಾದ್ದು ನಡಿಗೆ. ಇಳಿತದ ಹೊತ್ತಿಗೆ, ಅಂದರೆ ಸಮುದ್ರದ ನೀರು ಇಳಿದಾಗ ಹೋದರೆ ಅಲ್ಲಿನ ಕಲ್ಲಿನ ಕಂಬಗಳ ಬುಡದವರೆಗೂ ಕಾಣುತ್ತದೆ: ಹೆಚ್ಚಿನವು ಐದು, ಆರು ಮೂಲೆಯವು, ಪೆನ್ಸಿಲ್ ಕಟ್ಟು ನಿಲ್ಲಿಸಿದ ಹಾಗೆ. ಈ ಕಲ್ಲನ್ನು ಎಲ್ಲ ಕಡೆ ಬಸಾಲ್ಟ್ (ಕಪ್ಪು ಲಾವಾ ಕಲ್ಲು) ಅಂತ ಬರೆಯುತ್ತಾರೆ, ಅದು ತಪ್ಪು. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಕಳಚಿಕೊಳ್ಳುವಾಗ ಉಕ್ಕಿದ ರಯೋಲೈಟ್, ಡೇಸೈಟ್ ಜಾತಿಯ ಕಲ್ಲು. ಲಾವಾ ತಣಿಯುತ್ತ ಕುಗ್ಗಿ ಸೀಳಿದ್ದರಿಂದ ಆ ಆಕಾರ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿ, ಹವಾಯಿ ಚಪ್ಪಲಿ ಬೇಡವೇ ಬೇಡ.

ಕೆಳಗೆ_12_ಮೀಟರ್
ನಿಮ್ಮ ಪ್ಲ್ಯಾನಿನ ದೊಡ್ಡ ತಪ್ಪು ದಿನಗಳ ಕ್ರಮದಲ್ಲಿ ಉಂಟು. ಡೈವ್ ಮಾಡಿದ ಸಂಜೆಯೇ ಆಗುಂಬೆ ಹತ್ತಬಾರದು. ನೀರಿನಡಿಯ ಒತ್ತಡದಲ್ಲಿ ನೈಟ್ರೋಜನ್ ರಕ್ತದಲ್ಲಿ ಕರಗಿರುತ್ತದೆ, ಮೇಲೆ ಬಂದ ಮೇಲೆ ನಿಧಾನಕ್ಕೆ ಹೊರಹೋಗಬೇಕು. ಅಷ್ಟರೊಳಗೆ ಗಾಳಿಯ ಒತ್ತಡ ಕಡಿಮೆಯಾದರೆ ಗುಳ್ಳೆಯಾಗುತ್ತದೆ, ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ. ವಿಮಾನಕ್ಕೆ ಇರುವ ನಿಯಮವನ್ನೇ ಸುಮಾರು 600 ಮೀಟರ್ ದಾಟುವ ಘಾಟಿಗೂ ಹಿಡಿಯುತ್ತಾರೆ: ಒಂದು ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18. ಆಗುಂಬೆ 640ರ ಆಸುಪಾಸು. ಹಾಗಾಗಿ ಶುಕ್ರವಾರ ರಾತ್ರಿಯೇ ಮುರ್ಡೇಶ್ವರ ಸೇರಿ, ಶನಿವಾರ ಡೈವ್ ಮುಗಿಸಿ.

ನೇತ್ರಾಣಿ ದಡದಿಂದ ಸುಮಾರು 19 ಕಿ.ಮೀ., ದೋಣಿಯಲ್ಲಿ ಒಂದೂವರೆ ಗಂಟೆ. ದ್ವೀಪಕ್ಕೆ ಇಳಿಯುವುದಿಲ್ಲ, ದೋಣಿಯಿಂದಲೇ ನೀರಿಗೆ. ಈಜು ಬಾರದವರಿಗೂ ತರಬೇತುದಾರ ಹಿಡಿದುಕೊಂಡೇ ಕರೆದೊಯ್ಯುತ್ತಾರೆ, ಹೊಸಬರಿಗೆ 12 ಮೀಟರ್ ಮಿತಿ. ಆಸ್ತಮಾ, ಕಿವಿಯ ಆಪರೇಷನ್, ಹೃದಯದ ತೊಂದರೆ ಇದ್ದರೆ ಫಾರ್ಮಿನಲ್ಲಿ ಮುಚ್ಚಿಡಬೇಡಿ. ನೆಗಡಿ ಇದ್ದರೆ ಆ ದಿನ ಬಿಟ್ಟೇ ಬಿಡಿ, ಕಿವಿಯ ಒತ್ತಡ ಬಿಡುವುದಿಲ್ಲ.

ಹಾಳಾಗುವುದು ಸಾಮಾನ್ಯವಾಗಿ ಇಲ್ಲಿ:
- ಕಿವಿ. ಕೆಳಗಿಳಿಯುವಾಗ ನೋವು ಶುರುವಾಗುವ ಮೊದಲೇ, ಮೀಟರಿಗೊಮ್ಮೆ, ಮೂಗು ಹಿಡಿದು ಮೆಲ್ಲ ಊದಿ. ನೋವಾದರೆ ಜೋರಾಗಿ ಊದುವುದಲ್ಲ, ಒಂದು ಮೀಟರ್ ಮೇಲೆ ಬಂದು ಮತ್ತೆ ಊದುವುದು.
- ಹೆಬ್ಬೆರಳು. ನೀರಿನಡಿ ಅದರ ಅರ್ಥ 'ಮೇಲೆ ಹೋಗುವ'. ಖುಷಿಯಲ್ಲಿ ತೋರಿಸಿದರೆ ಡೈವ್ ಅಲ್ಲಿಗೇ ಮುಗಿಯಿತು! 'ಸರಿ ಉಂಟು' ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ.
- ಮಾಸ್ಕ್. ಒಂದು ಎಳೆ ಕೂದಲು ರಬ್ಬರಿನಡಿ ಸಿಕ್ಕರೂ ನೀರು ಒಸರುತ್ತದೆ. ಮೀಸೆಯವರಿಗೆ ತುಟಿಯ ಮೇಲೆ ಚೂರು ವ್ಯಾಸಲೀನ್.
- ಉಸಿರು ಯಾವತ್ತೂ ಹಿಡಿಯಬಾರದು, ಮೇಲೆ ಬರುವಾಗಂತೂ ಖಂಡಿತ ಇಲ್ಲ.

ದೋಣಿಯಲ್ಲಿ ವಾಂತಿ ಬರುವವರು ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ, ಕೆಲವು ಮಾತ್ರೆಗೆ ನಿದ್ದೆ ಬರುತ್ತದೆ, ಡೈವಿಗೆ ಅದು ಆಗದು. ತಿಂಡಿಗೆ ಎರಡು ಇಡ್ಲಿ ಸಾಕು. ಬನ್ಸ್ ತಿನ್ನುವುದು ದಡಕ್ಕೆ ವಾಪಸು ಬಂದ ಮೇಲೆ.

ಹೊಳೆಬದಿ
ಡೈವ್ ಶನಿವಾರಕ್ಕೆ ಹೋದರೆ ಸೇಂಟ್ ಮೇರಿಸ್, ಕಯಾಕ್ ಎರಡೂ ಭಾನುವಾರಕ್ಕೆ ಬರುತ್ತವೆ. ಆ ದಿನದ ಲೆಕ್ಕ ನೀರು ಹೇಳುತ್ತದೆ, ಗಡಿಯಾರ ಅಲ್ಲ. ಕಾಂಡ್ಲಾದ ಸಣ್ಣ ತೋಡುಗಳಿಗೆ ಭರತ ಬೇಕು, ಅಂದರೆ ನೀರು ಏರಿರಬೇಕು. ಇಳಿತದಲ್ಲಿ ಕಯಾಕ್ ಕೆಸರಿಗೆ ಕೂರುತ್ತದೆ, ಇಳಿದು ದೂಡಿದರೆ ಮೊಣಕಾಲು ಹೂಳುತ್ತದೆ. ದ್ವೀಪದ ಕಲ್ಲು ನೋಡಲು ಉಲ್ಟಾ, ಇಳಿತ ಬೇಕು. ಎರಡರ ನಡುವೆ ಆರು ಗಂಟೆ ಚಿಲ್ಲರೆ ಅಂತರ.

ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಭರತ ನಡುಹಗಲಿನ ಹತ್ತಿರ ಬೀಳುತ್ತದೆ, ಮತ್ತೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಇಳಿತ ನಡುಹಗಲಿಗೆ, ಭರತ ಸಂಜೆಗೆ ಬರುತ್ತದೆ. ಅಂದರೆ ಅಷ್ಟಮಿಯ ಹತ್ತಿರದ ವಾರಾಂತ್ಯ ಹಿಡಿಯಿರಿ: ಹತ್ತು ಗಂಟೆಗೆ ಮಲ್ಪೆಯಿಂದ ದ್ವೀಪ, ನಾಲ್ಕಕ್ಕೆ ಸಾಲಿಗ್ರಾಮ. ಆಗ ನೀರಿನ ಸೆಳೆತವೂ ಕಡಿಮೆ. ಪಕ್ಕಾ ಸಮಯಕ್ಕೆ ಟೈಡ್ ಟೇಬಲ್ (ಭರತ, ಇಳಿತದ ಸಮಯದ ಪಟ್ಟಿ) ನೋಡಿ.

ಜೋಡಿ ಕಯಾಕಿನಲ್ಲಿ ಭಾರ ಇದ್ದವರು ಹಿಂದೆ, ದಿಕ್ಕು ತಿರುಗಿಸುವ ಕೆಲಸ ಅವರದ್ದು. ಮುಂದಿನವರು ತಾಳ ಹಿಡಿಯುವುದು, ಹಿಂದಿನವರು ಅದನ್ನೇ ಅನುಸರಿಸುವುದು. ಇಬ್ಬರೂ ಬೇರೆ ಬೇರೆ ತಾಳದಲ್ಲಿ ಹುಟ್ಟು ಹಾಕಿದರೆ ಅಲಗುಗಳು ಟಕ್ ಟಕ್ ಬಡಿಯುತ್ತವೆ, ಮತ್ತೆ ಜಗಳ ಗ್ಯಾರಂಟಿ. ಅಲಗಿನ ತಗ್ಗು ಬದಿ ನಿಮ್ಮ ಕಡೆಗಿರಲಿ. ತೋಳಿನಿಂದ ಎಳೆಯಬೇಡಿ, ಸೊಂಟ ತಿರುಗಿಸಿ, ಇಲ್ಲದಿದ್ದರೆ ಅರ್ಧ ಗಂಟೆಗೇ ಭುಜ ಬಿಡುತ್ತದೆ. ಲೈಫ್ ಜಾಕೆಟ್ ಹಾಕಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿವರೆಗೆ ಬಂತೆಂದರೆ ಸಡಿಲ, ಮತ್ತೆ ಬಿಗಿಯಿರಿ.

ಮಣಿಪಾಲ_ಗುಡ್ಡೆ
ಶನಿವಾರ ನೇತ್ರಾಣಿ, ಭಾನುವಾರ ದ್ವೀಪ ಮತ್ತು ಕಯಾಕ್ ಅಂತ ಬದಲಿಸಿದೆ. ನಾಲ್ಕಕ್ಕೆ ಸಾಲಿಗ್ರಾಮ ಅಂದರೆ ಆಗುಂಬೆ ಸೂರ್ಯಾಸ್ತ ಹೋಯಿತಲ್ಲ?

ಹೊಳೆಬದಿ
ಹೋಯಿತು. ಡಿಸೆಂಬರಿನಲ್ಲಿ ಆರು ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತದೆ, ಹೊಳೆಯ ಮೇಲೆಯೇ ನೋಡಿ. ಕತ್ತಲಾಗುವ ಮೊದಲು ದಡ ಸೇರಬೇಕು, ಕಾರಿನ ಕೀಲಿಕೈ ಜೇಬಿನಲ್ಲಿ ಅಲ್ಲ, ನೀರು ಹೋಗದ ಚೀಲದಲ್ಲಿ ಹಾಕಿ ಕಯಾಕಿಗೆ ಕಟ್ಟಿ.