‘ಚಾನ್ಸ್ ಟು’ ಬರೆದು ಮರ್ಯಾದೆ ಹೋಯ್ತು. ಇಂಗ್ಲಿಷ್‌ನಲ್ಲಿ ನಾಮಪದ ಆದ ಮೇಲೆ ‘ಟು’ ಯಾವಾಗ, ‘ಆಫ್’ ಯಾವಾಗ? ಕಲಿತವರು ಅನುಭವ ಹೇಳಿ

ನರಸಾಪುರ ಶಿಫ್ಟ್ (ಕೇಳಿದವರು):
ಕೋಲಾರದವನು. ನರಸಾಪುರದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಚೆಕ್ ಕೆಲಸ. ಹೋದ ವಾರ ಮಾಲು ತಡವಾಗಬಹುದು ಅಂತ ಗಿರಾಕಿಗೆ ತಿಳಿಸಬೇಕಿತ್ತು. ‘ದೇರ್ ಈಸ್ ಎ ಚಾನ್ಸ್ ಟು ಡಿಲೇ ದ ಲಾಟ್’ ಅಂತ ಮೇಲ್ ಹಾಕಿದೆ. ಆ ಕಡೆಯಿಂದ ಫೋನ್ ಬಂತು, ತಡ ಮಾಡೋಕೆ ನಿಮಗೆ ಅವಕಾಶ ಕೊಟ್ಟವರು ಯಾರು ಅಂತ. ‘ಚಾನ್ಸ್ ಆಫ್ ಎ ಡಿಲೇ’ ಅಂತ ಬರೀಬೇಕಿತ್ತು ಅಂತ ಮ್ಯಾನೇಜರ್ ಎಲ್ಲರ ಮುಂದೆ ತಿದ್ದಿದರು. ಅವತ್ತಿನಿಂದ ಮೇಲ್ ಬರೆಯೋಕೆ ಕೈ ಓಡುತ್ತಿಲ್ಲ. ಇಲ್ಲಿ ಒಂದು ಕೋಚಿಂಗ್‌ನಲ್ಲಿ 3 ತಿಂಗಳಿಗೆ 9,500 ಕೇಳುತ್ತಿದ್ದಾರೆ. ಸೇರಲಾ, ನಾನೇ ಕಲೀಲಾ? ನೈಟ್ ಶಿಫ್ಟ್ ಬೇರೆ ಇದೆ.

ತುಮಕೂರಿನವಳು:
ಸೇರಬೇಡಿ. ನಾನು ಸೇರಿ ಕೈ ಸುಟ್ಟುಕೊಂಡವಳು. ಹೊರದೇಶದಲ್ಲಿ ಓದೋಕೆ ಬರೆಯೋ ಇಂಗ್ಲಿಷ್ ಪರೀಕ್ಷೆಗೆ ಅಂತ ಬೆಂಗಳೂರಿನಲ್ಲಿ ಕೋಚಿಂಗ್. ಫೀ 22,000. ಪುಸ್ತಕದ ಹೆಸರಲ್ಲಿ ಇನ್ನೊಂದು 1,800. ಬೆಳಗ್ಗೆ ರೈಲು, ಯಶವಂತಪುರದಲ್ಲಿ ಇಳಿದು ಆಟೊ, ಆಟೊಗೇ ದಿನಕ್ಕೆ 120. ನಾಲ್ಕು ತಿಂಗಳು ಹೀಗೇ. ಮನೆ ಸೇರೋ ಹೊತ್ತಿಗೆ ರಾತ್ರಿ 9. ಕೊನೆಗೆ ಅವರು ಕೊಟ್ಟಿದ್ದು ಎರಡು ಜೆರಾಕ್ಸ್ ಹಾಳೆ. ಒಂದರಲ್ಲಿ ‘ಟು’ ಬರುವ ಪದಗಳು, ಇನ್ನೊಂದರಲ್ಲಿ ‘ಆಫ್’ ಬರುವ ಪದಗಳು. ಬಾಯಿಪಾಠ ಮಾಡಿ ಅಂದರು, ಮಾಡಿದೆ. ರೈಟಿಂಗ್‌ನಲ್ಲಿ ಬೇಕಿದ್ದದ್ದು 6.5, ಬಂದದ್ದು 6. ಮತ್ತೆ ಫೀ ಕಟ್ಟಿ ಬರೆದೆ. ಮತ್ತೆ 6. ಆ ಎರಡನೇ ಫೀಗೆ ಅಪ್ಪ ತಿಪಟೂರಿಗೆ ಹೋಗಿ, ಬೆಲೆ ಇಳಿದಿದ್ದಾಗಲೇ ಕೊಬ್ಬರಿ ಮಾರಿ ಬಂದಿದ್ದರು. ಪ್ರಬಂಧದಲ್ಲಿ ‘ದ ಹ್ಯಾಬಿಟ್ ಟು ರೀಡ್’ ಅಂತ ಮೂರು ಸಲ ಬರೆದದ್ದು ನನಗೆ ಇವತ್ತಿಗೂ ನೆನಪಿದೆ. ‘ಹ್ಯಾಬಿಟ್ ಆಫ್ ರೀಡಿಂಗ್’ ಆಗಬೇಕಿತ್ತು. ಮನೆಗೆ ಬಂದು ಹಾಳೆ ತೆಗೆದು ನೋಡಿದರೆ ‘ಹ್ಯಾಬಿಟ್’ ಎರಡನೇ ಹಾಳೆಯ ನಾಲ್ಕನೇ ಸಾಲಲ್ಲೇ ಇತ್ತು.

ಶಿಡ್ಲಘಟ್ಟ ನೋಟ್‌ಬುಕ್:
ಪಟ್ಟಿಯದ್ದೇನೂ ತಪ್ಪಿಲ್ಲ. ಬೇರು ನೋಡದೆ ಉರು ಹೊಡೆದದ್ದು ತಪ್ಪು. ನಾನು ಬ್ಯಾಂಕ್ ಪರೀಕ್ಷೆಗೆ ಒಂದು ರೂಪಾಯಿ ಕೋಚಿಂಗ್‌ಗೆ ಕೊಟ್ಟಿಲ್ಲ. 45 ರೂಪಾಯಿಯ 200 ಪುಟದ ನೋಟ್‌ಬುಕ್, ಅಷ್ಟೇ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ರಾತ್ರಿ ಸೊಪ್ಪು ಹಾಕಿ ಬಂದು ಬರೆಯುತ್ತಿದ್ದೆ. ಕ್ರಿಯಾಪದ ನೋಡಿ, ಅದರಿಂದ ಹುಟ್ಟಿದ ನಾಮಪದ ಸಾಮಾನ್ಯವಾಗಿ ಅದೇ ದಾರಿ ಹಿಡಿಯುತ್ತೆ. ‘ಡಿಸೈಡ್ ಟು ಗೋ’, ಹಾಗಾಗಿ ‘ಡಿಸಿಷನ್ ಟು ಗೋ’. ‘ರೆಫ್ಯೂಸ್ ಟು’, ‘ರೆಫ್ಯೂಸಲ್ ಟು’. ಗುಣವಾಚಕಕ್ಕೂ ಹೀಗೇ. ‘ಏಬಲ್ ಟು’ಗೆ ‘ಎಬಿಲಿಟಿ ಟು’, ‘ವಿಲ್ಲಿಂಗ್ ಟು’ಗೆ ‘ವಿಲ್ಲಿಂಗ್‌ನೆಸ್ ಟು’. ಈ ದಾರಿಯನ್ನೇ ಪೂರ್ತಿ ನಂಬಿ ಒಂದು ಸಲ ಮುಗ್ಗರಿಸಿದ್ದೇನೆ, ಅದನ್ನೂ ಹೇಳುತ್ತೇನೆ. ‘ಪ್ರಿಫರ್ ಟು’ ಇದೆಯಲ್ಲ ಅಂತ ‘ಪ್ರಿಫರೆನ್ಸ್ ಟು’ ಗುರುತು ಹಾಕಿದೆ. ಅದು ‘ಪ್ರಿಫರೆನ್ಸ್ ಫಾರ್’. ಕಟಾಫ್‌ಗೆ ಮುಕ್ಕಾಲು ಅಂಕ ಕಮ್ಮಿ ಬಿತ್ತು. ಒಂದು ವರ್ಷ ಹೋಯ್ತು. ಮುಂದಿನ ವರ್ಷ ಆಯ್ತು, ಈಗ ಕೆಲಸದಲ್ಲಿದ್ದೇನೆ.

ಗುಬ್ಬಿ ಮೇಷ್ಟ್ರು:
18 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ್ದೇನೆ. ನಮ್ಮ ಮಕ್ಕಳು ಎಡವೋದು ಎಲ್ಲಿ ಅಂದರೆ, ಕನ್ನಡದಲ್ಲಿ ಎಲ್ಲದಕ್ಕೂ ಒಂದೇ ರೂಪ. ಹೋಗುವ ನಿರ್ಧಾರ, ಹೋಗುವ ಅವಕಾಶ, ಹೋಗುವ ಅಭ್ಯಾಸ, ಹೋಗುವ ಸಾಧ್ಯತೆ. ‘ಹೋಗುವ’ ಬದಲಾಗೋದೇ ಇಲ್ಲ. ಇಂಗ್ಲಿಷ್ ಇದನ್ನು ಒಡೆಯುತ್ತೆ. ಇನ್ನೂ ಆಗದ ಕೆಲಸದ ಕಡೆ ಮನಸ್ಸು ಚಾಚಿದ್ದರೆ ‘ಟು’: ನಿರ್ಧಾರ, ಪ್ರಯತ್ನ, ಮಾತು ಕೊಡೋದು, ಅನುಮತಿ. ಆಗಲೇ ನಡೆಯುತ್ತಿರೋದು, ಇಲ್ಲವೇ ನಮ್ಮ ಕೈಯಲ್ಲಿ ಇಲ್ಲದ್ದು ಆದರೆ ‘ಆಫ್’: ಅಭ್ಯಾಸ, ಅಪಾಯ, ಸಾಧ್ಯತೆ. ಇವರ ‘ಚಾನ್ಸ್’ ಎರಡೂ ಕಡೆ ನಿಲ್ಲುತ್ತೆ. ‘ಟು’ ಬಂದರೆ ಅವಕಾಶ, ‘ಆಫ್’ ಬಂದರೆ ಸಂಭವ. ಅದಕ್ಕೇ ಗಿರಾಕಿಗೆ ಸಿಟ್ಟು ಬಂದದ್ದು. ಇದನ್ನು ಕನ್ನಡದಲ್ಲೇ ವಿವರಿಸಿದೆ ಅಂತ ಒಂದು ಖಾಸಗಿ ಶಾಲೆಯಲ್ಲಿ ನನ್ನನ್ನು ಕರೆದು ಎಚ್ಚರಿಸಿದರು. ನಾನು ಆ ಶಾಲೆಯನ್ನೇ ಬಿಟ್ಟೆ. ಸಂಬಳ 4,000 ಕಮ್ಮಿ ಆಯ್ತು. ಇವತ್ತಿಗೂ ಬೇಜಾರಿಲ್ಲ.

ಶಿಡ್ಲಘಟ್ಟ ನೋಟ್‌ಬುಕ್:
ಮೇಷ್ಟ್ರೇ, ‘ಟೆಂಡೆನ್ಸಿ ಟು’ದಲ್ಲಿ ಯಾರ ಮನಸ್ಸು ಚಾಚಿದೆ? ಕಬ್ಬಿಣಕ್ಕೆ ತುಕ್ಕು ಹಿಡಿಯೋ ‘ಟೆಂಡೆನ್ಸಿ ಟು ರಸ್ಟ್’ ಅಂತೀವಿ. ಕಬ್ಬಿಣಕ್ಕೆ ಮನಸ್ಸಿದೆಯಾ? ‘ಫೇಲ್ಯೂರ್ ಟು ಪೇ’ ಅನ್ನೋದೂ ಯಾರೂ ಮನಸ್ಸಿಟ್ಟು ಮಾಡೋದಲ್ಲ. ‘ಟೆಂಡ್ ಟು’, ‘ಫೇಲ್ ಟು’ ಅಂತ ಬೇರು ನೋಡಿದರೆ ಎರಡೂ ತಾನಾಗೇ ಬರುತ್ತೆ.

ಗುಬ್ಬಿ ಮೇಷ್ಟ್ರು:
ಹಾಗಾದರೆ ‘ಆಪರ್ಚುನಿಟಿ ಟು’ಗೆ ಬೇರು ಎಲ್ಲಿದೆ ತೋರಿಸಿ. ‘ಟೈಮ್ ಟು’ಗೆ? ‘ರೈಟ್ ಟು ವೋಟ್’ಗೆ? ನಿಮ್ಮ 200 ಪುಟದಲ್ಲಿ ಅದಕ್ಕೆ ಉತ್ತರ ಇಲ್ಲ. ಮೊದಲು ಅರ್ಥ ಹೇಳಬೇಕು, ಬೇರು ಆಮೇಲೆ.

ಶಿಡ್ಲಘಟ್ಟ ನೋಟ್‌ಬುಕ್:
ಅರ್ಥ ಹೇಳಿ ಹೇಳಿಯೇ ಹಳ್ಳಿ ಮಕ್ಕಳನ್ನು ಪರೀಕ್ಷೆಯಲ್ಲಿ ಮುಳುಗಿಸಿದ್ದು. ನಿಮ್ಮ ತರಗತಿಯಲ್ಲಿ ಇದ್ದಿದ್ದರೆ ನಾನು ಇವತ್ತಿಗೂ ಹಿಪ್ಪುನೇರಳೆ ಸೊಪ್ಪೇ ಕೊಯ್ಯುತ್ತಿದ್ದೆ. ತುಮಕೂರಿನವರಿಗೂ ಒಂದು ಮಾತು. ‘ಇಟ್ ಈಸ್ ಮೈ ಹ್ಯಾಬಿಟ್ ಟು ರೀಡ್ ಅಟ್ ನೈಟ್’ ಸರಿಯಾದ ವಾಕ್ಯವೇ. ಅಲ್ಲಿ ‘ಟು ರೀಡ್’ ಹ್ಯಾಬಿಟ್‌ಗೆ ಅಂಟಿಕೊಂಡಿಲ್ಲ, ಮುಂದಿರೋ ‘ಇಟ್’ ಅದರ ಜಾಗ ಹಿಡಿದು ಕೂತಿದೆ. ನಿಮ್ಮ ಜೆರಾಕ್ಸ್ ಹಾಳೆ ಇದನ್ನು ಹೇಳಿರಲ್ಲ.

ತುಮಕೂರಿನವಳು:
ಹೇಳಿರಲಿಲ್ಲ. ಕೇಳಿದಾಗ ‘ಅದೆಲ್ಲ ಸಿಲಬಸ್‌ನಲ್ಲಿ ಇಲ್ಲ’ ಅಂದರು. 22,000 ಕೊಟ್ಟವಳಿಗೆ.

ಕೆಜಿಎಫ್ ನರ್ಸ್:
ನಾನು ಪಟ್ಟಿಯಿಂದಲೂ ಕಲಿತಿಲ್ಲ, ಮೇಷ್ಟ್ರಿಂದಲೂ ಕಲಿತಿಲ್ಲ. ಅಪ್ಪ ಗಣಿಯಲ್ಲಿದ್ದರು. 2001ರ ಫೆಬ್ರುವರಿ ಕೊನೆಗೆ ಗಣಿ ಮುಚ್ಚಿತು. ಆಗ ನಾನು ಆರನೇ ಕ್ಲಾಸು. ಅಪ್ಪನಿಗೆ ಕಣ್ಣು ಮಂಜು, ಇಂಗ್ಲಿಷ್ ಪೇಪರ್ ನಾನೇ ಓದಿ ಹೇಳಬೇಕಿತ್ತು. ‘ದ ಡಿಸಿಷನ್ ಟು ಕ್ಲೋಸ್ ದ ಮೈನ್ಸ್’ ಅಂತ ದಿನಾ ಬರುತ್ತಿತ್ತು. ಅಪ್ಪ ‘ಇನ್ನೊಂದು ಸಲ ಓದು’ ಅನ್ನುತ್ತಿದ್ದರು. ‘ಡಿಸಿಷನ್ ಟು ಕ್ಲೋಸ್’ ಅನ್ನೋ ಆ ಮೂರು ಪದ ನನ್ನ ಬಾಯಲ್ಲಿ ಹಾಗೇ ಕೂತುಬಿಟ್ಟಿದೆ. ಆಮೇಲೆ ಅದರಂತೆ ಇರೋ ಪದ ಸಿಕ್ಕಾಗೆಲ್ಲ ‘ಟು’ ತಾನಾಗೇ ಬರುತ್ತೆ.

ನಾನು ಎಡವಿದ್ದು ಬೇರೆ ಕಡೆ. ಹೊರದೇಶದ ಆಸ್ಪತ್ರೆಯಲ್ಲಿ ಮೊದಲ ಚಳಿಗಾಲ, ತುಂಬ ಒಂಟಿ. ವಾರ್ಡಿನ ಹಿರಿಯಾಕೆಗೆ ‘ಐ ಹ್ಯಾವ್ ನೋಬಡಿ ಟು ಟಾಕ್’ ಅಂದೆ. ನಿನ್ನ ಪರವಾಗಿ ಮಾತಾಡೋಕೆ ಯಾರೂ ಇಲ್ಲವಾ, ಮೇಲಿನವರಿಗೆ ಹೇಳಲಾ ಅಂತ ಆಕೆ ಕೇಳಿದರು. ‘ನೋಬಡಿ ಟು ಟಾಕ್ ಟು’ ಅನ್ನಬೇಕಿತ್ತು. ಕೊನೆಯ ಆ ಸಣ್ಣ ‘ಟು’ ಬಿಟ್ಟಿದ್ದೆ. ಕನ್ನಡದಲ್ಲಿ ಕೂರೋ ಕುರ್ಚಿ, ಬರೆಯೋ ಪೆನ್ನು ಅಂದರೆ ಮುಗೀತು. ಅಲ್ಲಿ ‘ಚೇರ್ ಟು ಸಿಟ್ ಆನ್’, ‘ಪೆನ್ ಟು ರೈಟ್ ವಿತ್’, ‘ಹೌಸ್ ಟು ಲಿವ್ ಇನ್’. ಬಾಲ ಬಿಡುವ ಹಾಗಿಲ್ಲ.

ಚಿಂತಾಮಣಿ ಮಂಡಿ:
ಎಲ್ಲದಕ್ಕೂ ಬಾಲ ಇಲ್ಲ ಅಕ್ಕ. ‘ವಾಟರ್ ಟು ಡ್ರಿಂಕ್’ಗೆ ಎಲ್ಲಿದೆ? ನೀರನ್ನೇ ಕುಡೀತೀವಿ, ಹಾಗಾಗಿ ಬೇಡ. ನಾನು ಟೊಮೆಟೊ ವ್ಯಾಪಾರದಲ್ಲೇ ಕಲಿತದ್ದು, ಹೊರರಾಜ್ಯದವರ ಜೊತೆ ಫೋನಿನಲ್ಲಿ. ‘ನೋ ಲಾರಿ ಟು ಸೆಂಡ್’ ಅಂದರೆ ಕಳಿಸೋಕೆ ಲಾರಿಯೇ ಇಲ್ಲ. ‘ನೋ ಲಾರಿ ಟು ಸೆಂಡ್ ಇಟ್ ಇನ್’ ಅಂದರೆ ಮಾಲು ಇದೆ, ಹಾಕಿ ಕಳಿಸೋಕೆ ಲಾರಿ ಇಲ್ಲ. ಒಂದು ಸಲ ಇದು ಅದಲುಬದಲಾಗಿ 300 ಕ್ರೇಟ್ ಎರಡು ದಿನ ಮಂಡಿಯಲ್ಲೇ ಕೊಳೆಯಿತು. ಕ್ರೇಟ್ ಬಾಡಿಗೆ, ಕೂಲಿ ಎಲ್ಲ ನನ್ನ ತಲೆಗೇ ಬಂತು. ನೀರಿನ ಮಾತು ಬಂತಲ್ಲ, ಈಗ ಕೆಸಿ ವ್ಯಾಲಿ ಯೋಜನೆಯ ನೀರು ಬಂದ ಮೇಲೆ ನಮಗೆ ‘ವಾಟರ್ ಟು ಡ್ರಿಂಕ್’ ಸಮಸ್ಯೆ ಇಲ್ಲ.

ಕೆಜಿಎಫ್ ನರ್ಸ್:
ಅದು ಕುಡಿಯೋ ನೀರಲ್ಲ! ದಯವಿಟ್ಟು ಹೀಗೆ ಬರೀಬೇಡಿ, ಓದಿದವರು ನಂಬುತ್ತಾರೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಕೆರೆ ತುಂಬಿಸೋದು ಅದು, 2018ರಿಂದ. ಅಂತರ್ಜಲ ಏರಲಿ ಅಂತ. ‘ವಾಟರ್ ಟು ಫಿಲ್ ದ ಟ್ಯಾಂಕ್ಸ್ ವಿತ್’ ಅನ್ನಿ ಬೇಕಾದರೆ.

ಚಿಂತಾಮಣಿ ಮಂಡಿ:
ಕೆರೆಯ ನೀರು ಕುಡೀರಿ ಅಂತ ನಾನೆಲ್ಲಿ ಹೇಳಿದೆ? ಕೆರೆ ತುಂಬಿದ ಮೇಲೆ ನಮ್ಮ ಬತ್ತಿದ ಬೋರ್‌ವೆಲ್ ಮತ್ತೆ ಬಂತು. 1,200 ಅಡಿ ಕೊರೆಸಿ ಸಾಲ ಮಾಡಿದವನಿಗೆ ಅದರ ಬೆಲೆ ಗೊತ್ತು.

ಕೆಜಿಎಫ್ ನರ್ಸ್:
ಬೋರ್‌ವೆಲ್ ನೀರಾದರೂ ಫ್ಲೋರೈಡ್ ಪರೀಕ್ಷೆ ಮಾಡಿಸಿದ್ದೀರಾ? ನಮ್ಮ ಜಿಲ್ಲೆಯಲ್ಲಿ ಕಲೆ ಬಿದ್ದ ಹಲ್ಲಿನ ಮಕ್ಕಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ನರಸಾಪುರ ಶಿಫ್ಟ್:
ಎಲ್ಲರಿಗೂ ಥ್ಯಾಂಕ್ಸ್. ಕೋಚಿಂಗ್‌ಗೆ ಇನ್ನೂ ದುಡ್ಡು ಕಟ್ಟಿಲ್ಲ. ಇವತ್ತು ರಾತ್ರಿ ಶಿಫ್ಟ್‌ನಲ್ಲಿ ಒಂದು ಮೇಲ್ ಹೋಗಬೇಕು. ‘ವಿ ನೀಡ್ ಪರ್ಮಿಷನ್ ಟು ರೀವರ್ಕ್ 40 ಪೀಸಸ್. ದೇರ್ ಈಸ್ ಎ ರಿಸ್ಕ್ ಆಫ್ ಮಿಸಿಂಗ್ ದ ಡೇಟ್.’ ಸರಿ ಇದೆಯಾ?

ಗುಬ್ಬಿ ಮೇಷ್ಟ್ರು:
ಸರಿ ಇದೆ. ಅನುಮತಿ ಇನ್ನೂ ಆಗದ ಕೆಲಸಕ್ಕೆ, ಅದಕ್ಕೇ ‘ಟು’.

ಶಿಡ್ಲಘಟ್ಟ ನೋಟ್‌ಬುಕ್:
ಸರಿ ಇದೆ. ‘ಪರ್ಮಿಟ್ ಸಮ್‌ಒನ್ ಟು’ ಇದೆ, ಅದಕ್ಕೇ ‘ಟು’. ಕಳಿಸಿ.