ಚಳಿಗಾಲಕ್ಕೆ ಸೋಲಾರ್ ಯೂನಿಟ್ ಅರ್ಧಕ್ಕಿಳಿದಿದೆ, ಪ್ಯಾನೆಲ್ ಹಾಳಾಗಿದೆಯಾ?

ತೋಟದಮನೆ (ತೀರ್ಥಹಳ್ಳಿ ಕಡೆ):
ನಮ್ಮದು 3 ಕಿಲೋವ್ಯಾಟ್ ಆನ್‌ಗ್ರಿಡ್ (ಲೈನ್ ಕರೆಂಟ್‌ಗೆ ಜೋಡಿಸಿದ್ದು), ತಾರಸಿ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿದ್ದು. ಮಾರ್ಚ್‌ನಲ್ಲಿ ದಿನಕ್ಕೆ 12-13 ಯೂನಿಟ್ ಬರುತ್ತಿತ್ತು. ಈಗ ಡಿಸೆಂಬರ್, ಬಿಸಿಲು ಚೆನ್ನಾಗಿದ್ದರೂ 7 ದಾಟುವುದಿಲ್ಲ. ಹಾಕಿಕೊಟ್ಟವರು "ಚಳಿಗಾಲ ಅಲ್ವಾ ಸರ್" ಅನ್ನುತ್ತಾರೆ. ಇನ್ವರ್ಟರ್‌ನಲ್ಲಿ ಎರರ್ ಇಲ್ಲ. ಓರೆ ಜಾಸ್ತಿ ಮಾಡಿಸಲಾ, ಇನ್ನೆರಡು ಪ್ಯಾನೆಲ್ ಸೇರಿಸಲಾ?

ಸಾಗರದ ಬಿಸಿಲು:
ಎರಡೂ ಈಗ ಬೇಡ ಮಾರಾಯ್ರೆ, ಸುಮ್ನೆ ದುಡ್ಡು ಹಾಕಬೇಡಿ. ಚಳಿ ಪ್ಯಾನೆಲ್‌ಗೆ ಒಳ್ಳೆಯದೇ. ಅದು ಕಾದಷ್ಟೂ ಪವರ್ ಇಳಿಯುತ್ತದೆ, ಡಿಗ್ರಿಗೆ ಸುಮಾರು 0.3ರಿಂದ 0.4 ಪರ್ಸೆಂಟ್. ಹಗಲು ಚಿಕ್ಕದು, ಬೆಳಿಗ್ಗೆ ಮಂಜು, ಎಲ್ಲ ನಿಜ, ಆದರೆ ಅಷ್ಟಕ್ಕೇ ಅರ್ಧ ಆಗುವುದಿಲ್ಲ.

ಮೊದಲು ನೆರಳು ನೋಡಿ. ನಮ್ಮ ಕಡೆ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಡಿಸೆಂಬರ್ 21ರ ಹೊತ್ತಿಗೆ ನಡುಮಧ್ಯಾಹ್ನವೂ ದಕ್ಷಿಣದಲ್ಲಿ ಸುಮಾರು 53 ಡಿಗ್ರಿ ಎತ್ತರದಲ್ಲಷ್ಟೇ. ತಾರಸಿಗಿಂತ 10 ಮೀಟರ್ ಮೇಲಿರುವ ಮರದ ನೆರಳು ಆಗ ಏಳೂವರೆ ಮೀಟರ್ ಚಾಚುತ್ತದೆ, ಬೆಳಿಗ್ಗೆ 9ಕ್ಕೆ ಅದರ ಎರಡರಷ್ಟಕ್ಕಿಂತ ಜಾಸ್ತಿ. ಮನೆಯ ದಕ್ಷಿಣಕ್ಕೆ ಏನಿದೆ?

ತೋಟದಮನೆ:
ಅಡಿಕೆ ತೋಟ, ಅಂಚಿಗೆ ಸಿಲ್ವರ್ ಓಕ್ ಸಾಲು. ಆದರೆ ಈಗ ಹತ್ತಿ ನೋಡಿದರೆ ಒಂದು ಪ್ಯಾನೆಲ್‌ನ ಮೂಲೆಗೆ ಒಂದು ಸೋಗೆಯ ನೆರಳು, ಅಷ್ಟೇ. ಅದರಿಂದ ಇಷ್ಟಾಗುತ್ತದಾ?

ಸಾಗರದ ಬಿಸಿಲು:
ಆ ಸೋಗೆಯಿಂದಲೂ ಆಗುತ್ತದೆ, ಅದು ಬೇರೆ ಹೊತ್ತಿನಲ್ಲಿ ಎಲ್ಲೆಲ್ಲಿ ಬೀಳುತ್ತದೆ ಅನ್ನುವುದನ್ನೂ ನೋಡಬೇಕು. ಪ್ಯಾನೆಲ್‌ಗಳು ಒಂದೇ ಸ್ಟ್ರಿಂಗ್‌ನಲ್ಲಿದ್ದರೆ, ಅಂದರೆ ಒಂದಕ್ಕೊಂದು ಸಾಲಾಗಿ ಜೋಡಿಸಿದ್ದರೆ, ಒಂದರಲ್ಲಿ ಕರೆಂಟ್ ಕಟ್ಟಿದಾಗ ಸಾಲಿಗೇ ತಡೆ. ಪ್ಯಾನೆಲ್‌ನ ಹಿಂಬದಿಯಲ್ಲಿ ಸಾಮಾನ್ಯವಾಗಿ 3 ಬೈಪಾಸ್ ಡಯೋಡ್ ಇರುತ್ತವೆ, ನೆರಳಿನ ಭಾಗ ಬಿಟ್ಟು ಕರೆಂಟ್ ದಾಟಿಸುವುದು ಅವುಗಳ ಕೆಲಸ. ಆದರೆ ಆಗ ಜಾಸ್ತಿ ಪವರ್ ಸಿಗುವ ಹೊಸ ವೋಲ್ಟೇಜನ್ನು ಇನ್ವರ್ಟರ್ ಹುಡುಕದೆ ಕೂತರೆ ಅದರ ಲಾಭ ಸಿಗುವುದಿಲ್ಲ. ತುಂಬಾ ಇನ್ವರ್ಟರ್‌ಗಳಲ್ಲಿ ಇದಕ್ಕೇ ನೆರಳಿನ ಸೆಟ್ಟಿಂಗ್ ಇರುತ್ತದೆ, ಆನ್ ಮಾಡಿಸಿ.

ಆ್ಯಪ್‌ನಲ್ಲಿ ಮೋಡವಿಲ್ಲದ ದಿನದ ಗ್ರಾಫ್ ತೆಗೆಯಿರಿ. ನೆರಳಾದರೆ ದಿನವೂ ಅದೇ ಹೊತ್ತಿಗೆ ಗೆರೆ ಕೆಳಗಿಳಿದು ಗುಂಡಿ. ಮಂಜಾದರೆ ಏರುವುದು ತಡ, ಆಮೇಲೆ ಸರಿ. ಆಕಾರ ಸರಿಯಿದ್ದು ಎತ್ತರ ಮಾತ್ರ ಕಮ್ಮಿ ಅಂದರೆ ಕೊಳೆ ಇರಬಹುದು. ಗಾಜು ಫ್ರೇಮಿಗೆ ಸೇರುವ ಕೆಳಗಿನ ಅಂಚು ನೋಡಿ, ಮಳೆಗಾಲ ಕಳೆದ ಮೇಲೆ ಅಲ್ಲಿ ಬೆರಳಗಲ ಪಾಚಿ ಕಪ್ಪಗೆ ಕೂತಿರುತ್ತದೆ. ಅಡಿಕೆ ಬೇಯಿಸುವ ಒಲೆ ಹತ್ತಿರವಿದ್ದರೆ ಹೊಗೆಯ ಮಸಿಯೂ ಇಬ್ಬನಿಗೆ ಅಂಟುತ್ತದೆ. ಗಾಜು ತಣ್ಣಗಿರುವಾಗ ಬರೀ ನೀರು, ಮೆತ್ತನೆ ಬಟ್ಟೆ. ಕೆರೆಯಬೇಡಿ. ವೈರ್ ಜಾಯಿಂಟ್ ಮುಟ್ಟಬೇಡಿ, ಬಿಸಿಲಿದ್ದಷ್ಟು ಹೊತ್ತೂ ಅದರಲ್ಲಿ ಕರೆಂಟ್ ಇರುತ್ತದೆ.

ತೋಟದಮನೆ:
ಗ್ರಾಫ್ ನೋಡಿದೆ. 9ರಿಂದ 11ರ ತನಕ ಗುಂಡಿ, ಮತ್ತೆ ಎರಡೂವರೆ ಮೇಲೆ. ದಿನಾ ಹೀಗೇ ಇದೆ. ಅಡಿಕೆ ಮರ ಕಡಿಯಲು ಮನಸ್ಸಿಲ್ಲ.

ಸಾಗರದ ಬಿಸಿಲು:
ಕಡಿಯಬೇಡಿ. ಸಿಲ್ವರ್ ಓಕ್‌ನ ಕೊಂಬೆ ಸವರಿಸಿ, ಹೇಗೂ ಮೆಣಸಿನ ಬಳ್ಳಿಗೆ ಬೆಳಕು ಬೇಕಲ್ಲ. ಸೋಗೆ ನೆರಳು ಬೀಳುವ ಪ್ಯಾನೆಲನ್ನು ತಾರಸಿಯ ಉತ್ತರದ ತುದಿಗೆ ಸರಿಸಲು ಹೇಳಿ, ಓರೆಯೂ ದಿಕ್ಕೂ ಉಳಿದವುಗಳ ಹಾಗೇ ಇರಲಿ. ಓರೆ ಏರಿಸಿದರೆ ಸಿಗುವುದು ಸ್ವಲ್ಪ, ಮಳೆಗಾಲದ ಗಾಳಿ ನೆನೆದರೆ ನಾನಂತೂ ಏರಿಸುವುದಿಲ್ಲ.